ಹೊಸ ಕಣ್ಣಿಗೆ ಕಂಡದ್ದು

ಪ್ರೀತಿಯ ತಂಗಿ,

ಆಪರೇಷನ್ ಆದ ಬಲಗಣ್ಣು ಚೆನ್ನಾಗಿದೆ. ಬಿಳಿ ಅಂಗಿಗಳಿಗೆ ಹಳದಿ ದಾರ ಹಾಕಿ ಹೊಲಿದು ಗಿರಾಕಿಗಳಿಂದ ಬೈಸಿಕೊಂಡೆನಲ್ಲ, ಅದು ಯಾಕೆಂದು ಈಗ ಗೊತ್ತಾಯಿತು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವೇ ಹಳದಿಯಾಗುತ್ತದಂತೆ. ನಿಧಾನವಾಗಿ ಆಗುವುದರಿಂದ ಮಿದುಳು ಅದಕ್ಕೆ ಒಗ್ಗಿಕೊಂಡು, ಹಳದಿಯನ್ನೂ ಬಿಳಿಯೆಂದೇ ನಂಬಿಸುತ್ತದೆ ಎಂದರು ಡಾಕ್ಟರು.

ನಿನ್ನೆ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ದಾರದ ಉಂಡೆಗಳನ್ನು ಬೇರೆ ಮಾಡುತ್ತಿದ್ದೆ. ನಿನ್ನ ಭಾವ ಎದುರಿಗೆ ಬಂದು, "ಹೊಸ ಕಣ್ಣಿಗೆ ನಾನು ಹೇಗೆ ಕಾಣ್ತೀನಿ? ಬಿಟ್ಟು ಹೋಗೋ ಹಾಗಿದ್ರೆ ಈಗಲೇ ಹೇಳಿಬಿಡು" ಎಂದು ನಕ್ಕರು. ಅವರ ಕಣ್ಣಿನ ಬಿಳಿ ನನ್ನ ಕೈಯಲ್ಲಿದ್ದ ಹಳದಿ ದಾರದ ಬಣ್ಣಕ್ಕಿತ್ತು. ಬಲಗಣ್ಣು ಮುಚ್ಚಿ, ಇನ್ನೂ ಆಪರೇಷನ್ ಆಗದ ಎಡಗಣ್ಣಿನಿಂದ ನೋಡಿದೆ. ದಾರವೂ ಬೆಳ್ಳಗೆ, ಅವರ ಕಣ್ಣೂ ಬೆಳ್ಳಗೆ.

ಊಟ ಸೇರುತ್ತಿಲ್ಲ ಎಂದು ಅವರು ಎಷ್ಟು ದಿನದಿಂದ ಹೇಳುತ್ತಿದ್ದರು. ನನ್ನ ಅಡುಗೆಗೆ ಹೆಸರಿಡುತ್ತಿದ್ದಾರೆಂದು ಸಿಡುಕಿದ್ದೆ.

ಆ ಕಾಯಿಲೆಯ ಹೆಸರು ಬರೆಯಲು ಕೈ ಬರುತ್ತಿಲ್ಲ. ಈ ಕಾಗದ ಸೇರಿದ ಕೂಡಲೇ ಹೊರಟು ಬಾ. ಹಗಲು ಹೊತ್ತಿನಲ್ಲೇ ಬಾ, ದೀಪದ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಅವರಿಗೇನೂ ಹೇಳದೆ ಕಣ್ಣು ನೋಡು. ಬೆಳ್ಳಗಿದ್ದರೆ ನನಗೆ ನಾಲ್ಕು ಬೈದು ಹೋಗು. ಇಲ್ಲದಿದ್ದರೆ ಆಸ್ಪತ್ರೆಗೆ ಜೊತೆಗೆ ಬಾ.

ಅಲ್ಲಿಯವರೆಗೆ, ನೋಯುತ್ತಿದೆ ಎಂದು ಸುಳ್ಳು ಹೇಳಿ, ಹೊಸ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವರಿಗೆ ಬಡಿಸುತ್ತಿದ್ದೇನೆ.

ನಿನ್ನ ದಾರಿ ಕಾಯುವ
ಅಕ್ಕ