ನಂದಾಳ ಗಿರಣಿಗೆ ಸದ್ದಿಲ್ಲ
ಶಲವಡಿ, ಬುಧವಾರ

ಮೈದುನ ಕಾಶಿನಾಥನಿಗೆ ವೈನಿಯ ಆಶೀರ್ವಾದ.

ತಂಗಿ ನಂದಾಳ ಮನೆಯಲ್ಲಿದ್ದೇನೆ. ಸರ್ಕಾರದ ಸಬ್ಸಿಡಿ ಸಿಕ್ಕಿದ್ದೇ ಇವರು ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ ಮಾರಿ ಸೋಲಾರ್ ಹಾಕಿಸಿದ್ದಾರೆ. ಎಂಜಿನ್ನಿನ ಸದ್ದೇ ಇಲ್ಲದ್ದರಿಂದ ಗಿರಣಿ ಶುರುವಾದದ್ದು ಓಣಿಗೆ ತಿಳಿಯುವುದಿಲ್ಲ. ಅದಕ್ಕೆ ಅವಳ ಗಂಡ ಬಾಗಿಲಲ್ಲಿ ನಿಂತು, "ಬಿಸಲ ಬಿದ್ದೈತಿ, ಜ್ವಾಳಾ ತರ್ರಿ!" ಎಂದು ಒದರುತ್ತಾನೆ.

"ಎಂಜಿನ್ನಿಗಿಂತ ಇವರ ಗಂಟಲಾನ ಜೋರ ನೋಡಕ್ಕಾ" ಎಂದು ನಂದಾ ನಗುತ್ತಾಳೆ.

ಅವಳಿಗೆ ಸೋಲಾರೂ ಇದೆ, ಒದರಲು ಗಂಡನೂ ಇದ್ದಾನೆ. ಹೊಟ್ಟೆ ಉರಿದು, "ಹಿಟ್ಟು ತರಿ ಆಗೈತಿ" ಎಂದುಬಿಟ್ಟೆ. ಹಿಟ್ಟು ನುಣ್ಣಗೇ ಇತ್ತು.

ಮೊಣಕಾಲು ನೋವು ಕಡಿಮೆ. ನಿನ್ನ ಅಣ್ಣ ತೀರಿಕೊಂಡ ಮೇಲೆ ನಮ್ಮ ಗಿರಣಿಯ ಎಂಜಿನ್ ಮಾರಲು ನಾನೇ ಬಿಟ್ಟಿರಲಿಲ್ಲ. ಈಗ ಮಾರು. ಸೋಲಾರ್ ಸಬ್ಸಿಡಿಯ ಅರ್ಜಿಗೆ ಈ ತಿಂಗಳೇ ಕೊನೆಯಂತೆ, ನನ್ನ ಹೆಸರಿನಲ್ಲೇ ಹಾಕು. ನಂದಾಳಿಗೆ ಮಾತ್ರ ತಿಳಿಸಬೇಡ.

ಅವಸರದಲ್ಲಿ,
ನಿನ್ನ ವೈನಿ