ಅರ್ಧ ಈಟಿಯ ಗುರುತು

ಪೋವುವಾ
ಜೂನ್ 18, 2019

ಪ್ರೀತಿಯ ತಮ್ಮ ಅಬೀಲಿಯೊ,

ನೀನೂ ನಿನ್ನ ಮನೆಯವರೂ ಸೌಖ್ಯವೆಂದು ನಂಬಿದ್ದೇನೆ. ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬಲೆ ಹೆಣೆಯುವ ಈ ಕೈಗೆ ಪೆನ್ನು ಕಂಡರೆ ಆಗುವುದಿಲ್ಲ, ನಿನಗೇ ಗೊತ್ತು. ನನ್ನ ಬೆನ್ನುನೋವು ಹಾಗೇ ಇದೆ. ನಿನ್ನ ಅತ್ತಿಗೆ ದೆಲ್ಫಿನಾ ದಿನಾ ಬೈದುಕೊಂಡೇ ಎಣ್ಣೆ ತಿಕ್ಕುತ್ತಾಳೆ. ಈ ವರ್ಷ ಬೂತಾಯಿ ಮೀನು ತಡವಾಗಿ ಬಂತು, ಬಂದದ್ದು ಮಾತ್ರ ಚೆನ್ನಾಗಿ ಕೊಬ್ಬಿದೆ.

ನೀನು ಫುಟ್ಬಾಲ್ ಆಟ ಬಿಟ್ಟ ಮೇಲೆ ಊರಿನ ಕ್ಲಬ್ಬಿಗೆ ಕಳಿಸಿದ ಬೂಟಿನ ಪೆಟ್ಟಿಗೆ ತಲುಪಿದೆ. ಮೈದಾನದ ಹೊಸ ಬಾಗಿಲಿಗೆ ನಿನ್ನನ್ನೇ ನೆನಪಿಟ್ಟುಕೊಳ್ಳುವಂಥದ್ದು ಏನಾದರೂ ಹಾಕಬೇಕೆಂದು ಎಲ್ಲರೂ ತೀರ್ಮಾನಿಸಿದ್ದಾರೆ. ಸಂತ ಪೇದ್ರುವಿನ ಹಬ್ಬದ ದಿನ ಅದನ್ನು ತೆರೆಯುತ್ತಾರೆ. ಅದರ ಕೆಲಸಕ್ಕೆಂದೇ ಮೊನ್ನೆ ಕ್ಲಬ್ಬಿನ ಕಾರ್ಯದರ್ಶಿ ಇವೋನೆ, ಬಣ್ಣ ಬಳಿಯುವ ಕಾಸಿಮಿರೊನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಅವಳು ಬೆಟ್ಟದ ಕಡೆಯವಳು, ನಮ್ಮ ದಡದ ರೀತಿ ತಿಳಿಯದು.

"ಬಾಗಿಲ ಮೇಲೆ ಹೆಸರು ಬೇಡ, ನಿಮ್ಮ ಮನೆತನದ ಗುರುತೇ ಇರಲಿ ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ತಮ್ಮಂದು ಯಾವುದು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ದೆಲ್ಫಿನಾ ಒಲೆಯ ಹತ್ತಿರದಿಂದ ಪಾಠ ಶುರುಮಾಡಿದಳು. "ನೋಡಮ್ಮ, ದೊಡ್ಡ ಮಕ್ಕಳೆಲ್ಲ ಅಪ್ಪನ ಗುರುತಿಗೆ ಒಂದೊಂದು ಗೀಟು ಸೇರಿಸ್ಕೋಬೇಕು. ಕಡೇ ಮಗನಿಗೆ ಮಾತ್ರ ಅಪ್ಪಂದು ಹಾಗೇ ಸಿಗುತ್ತೆ. ಬಲೆ, ದೋಣಿ, ಸಮಾಧಿ ಕಲ್ಲು, ಎಲ್ಲದರ ಮೇಲೂ ಅದೇ."

ಕಾಸಿಮಿರೊ ನಕ್ಕ. "ಹಾಗಾದ್ರೆ ಅಬೀಲಿಯೋದು ನಿಮ್ಮಪ್ಪನ ಗೀಟಿಲ್ಲದ ಅರ್ಧ ಈಟಿ ಆಗ್ಬೇಕಲ್ಲ. ಅದು ನಿನ್ನ ದೋಣಿ ಮೇಲಿದೆ ಮಾರಾಯ. ನೀನು ಯಾವಾಗ ಕಿರಿಯವನಾದೆ?"

"ಗೊತ್ತಿದ್ದೂ ಯಾಕೆ ಕೆಣಕ್ತೀಯ? ಸಮುದ್ರಕ್ಕೆ ಹೋಗೋ ಮಗನಿಗೇ ಗುರುತು ಇರಲಿ ಅಂತ ಅಪ್ಪ ಸಾಯೋವಾಗ ಹೇಳಿದ್ದು," ಎಂದೆ.

"ಅದು ಸರಿ. ಬಾಗಿಲ ಮೇಲೆ ನಾನು ಏನು ಬರೀಲಿ, ಅದನ್ನ ಹೇಳು."

ಶನಿವಾರ ಬಣ್ಣ ಹಚ್ಚುತ್ತೇನೆ, ಅಷ್ಟರೊಳಗೆ ಹೇಳು ಎಂದು ಅವನು ಹೋದ.

ಮರುದಿನ ಬೆಳಿಗ್ಗೆ ನಾನೂ ದೆಲ್ಫಿನಾಳೂ ಕ್ಲಬ್ಬಿಗೆ ಹೋಗಿ ಬೂಟು ಒರೆಸಲು ಕೂತೆವು. ಇಪ್ಪತ್ತೊಂದು ವರ್ಷದ ಆಟ, ವರ್ಷಕ್ಕೊಂದು ಜೊತೆ. ದೆಲ್ಫಿನಾ ಒಂದು ಬೂಟಿನ ನಾಲಿಗೆ ಎತ್ತಿ ನನ್ನ ಕಡೆ ತಿರುಗಿಸಿದಳು. ಒಳಗೆ ಚಾಕುವಿನ ಮೊನೆಯಿಂದ ಕೆತ್ತಿದ ಅರ್ಧ ಈಟಿ, ಪಕ್ಕಕ್ಕೊಂದು ಗೀಟು. ನಾನು ಇನ್ನೊಂದನ್ನು ನೋಡಿದೆ, ಮತ್ತೊಂದನ್ನು ನೋಡಿದೆ. ಲಿಸ್ಬನ್ನಿನದು, ಗ್ರೀಸಿನದು, ದೇಶಕ್ಕಾಗಿ ಆಡಿದ ವರ್ಷದ್ದು, ಎಲ್ಲದರಲ್ಲೂ ಗೀಟು. ಹದಿನೇಳನೇ ವಯಸ್ಸಿನಲ್ಲಿ ಇಲ್ಲೇ ಆಡಿದ ಮೊದಲ ಜೊತೆಯಲ್ಲಿ ಮಾತ್ರ ಗೀಟಿಲ್ಲ. ಆಗ ಅಪ್ಪ ಬದುಕಿದ್ದರು.

"ಇವನು ಅಣ್ಣನ ಜಾಗದಲ್ಲಿ ನಿಂತುಬಿಟ್ಟಿದ್ದಾನೆ ನೋಡಿ," ಎಂದಳು ನಿನ್ನ ಅತ್ತಿಗೆ. "ನಿಮ್ಮ ಗುರುತಿಗೆ ಅಡ್ಡ ಬರಬಾರದು ಅಂತ."

ತಮ್ಮಾ, ನಿನ್ನನ್ನು ಕಂಡು ನಾನು ಬೆರಗಾದದ್ದು ಮೊದಲ ಸಲವೇನಲ್ಲ. ಕಪ್ಪಿನ ಸೆಮಿಫೈನಲ್ಲಿನ ದಿನ ಇಡೀ ದಡವೇ ಎರ್ಮೀನಿಯಾಳ ಕಾಫಿ ಅಂಗಡಿಯ ಟಿವಿ ಮುಂದೆ ತುಂಬಿತ್ತು. ಎದುರು ತಂಡದ ಮುಂಚೂಣಿ ಆಟಗಾರನಷ್ಟು ವೇಗದವನು ದೇಶದಲ್ಲೇ ಇಲ್ಲ ಎನ್ನುತ್ತಿದ್ದರು. ತೊಂಬತ್ತು ನಿಮಿಷವೂ ನೀನು ಅವನ ಅಂಗಿ ಮುಟ್ಟಲಿಲ್ಲ, ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ಅವನು ಎಲ್ಲಿಗೆ ಹೋಗಬೇಕೆಂದುಕೊಂಡನೋ ಅಲ್ಲಿ ನೀನು ಮೊದಲೇ ಇರುತ್ತಿದ್ದೆ. "ಇವನು ಓಡೋದೇ ಕಾಣ್ಸಲ್ಲ, ಹೇಗಪ್ಪ ತಲುಪ್ತಾನೆ?" ಎಂದು ಎರ್ಮೀನಿಯಾ ಕಾಫಿ ಹಾಕುವುದನ್ನೇ ಮರೆತಿದ್ದಳು. ಕೊನೆಗೆ ಆ ಹುಡುಗನೇ ಬಂದು ನಿನ್ನ ಅಂಗಿ ಕೇಳಿದ. ಎಲ್ಲರೂ ಮೇಜು ಬಡಿದರು. ನಾನು ಬಡಿಯಲಿಲ್ಲ, ನನಗೆ ಕೈಯೇ ಏಳಲಿಲ್ಲ. ನಮ್ಮ ಅಮ್ಮನ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ನೋಡುತ್ತಾ ಕೂತಿದ್ದೆ. ಐನೂರ ಎಂಬತ್ತಮೂರು ಪಂದ್ಯ, ಎರಡೇ ಕೆಂಪು ಕಾರ್ಡು. ಗೋಲು ಹೊಡೆದವರ ಹೆಸರು ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತು, ಗೋಲು ಆಗದಂತೆ ನಿಂತ ನಿನ್ನದು ಎಲ್ಲೋ ಕೆಳಗೆ. ನೀನು ಅದಕ್ಕೂ ಮುಖ ಸಿಂಡರಿಸಿದವನಲ್ಲ.

ಆದರೆ ಆ ಆಟವೆಲ್ಲ ಒಂದು ತೂಕವಾದರೆ ಬೂಟಿನೊಳಗಿನ ಗೀಟು ಇನ್ನೊಂದು ತೂಕ. ಯಾರೂ ನೋಡದ ಜಾಗದಲ್ಲಿ ಇಪ್ಪತ್ತು ವರ್ಷ ನೀನು ನನಗೆ ದಾರಿ ಬಿಟ್ಟುಕೊಟ್ಟೆ. ಎಷ್ಟು ದೊಡ್ಡವನಯ್ಯಾ ನೀನು.

ಬಾಗಿಲ ಮೇಲೆ ಗೀಟಿಲ್ಲದ ಅರ್ಧ ಈಟಿಯನ್ನೇ ಬರೆಯಲು ಕಾಸಿಮಿರೊಗೆ ಹೇಳಿ ಬಂದಿದ್ದೇನೆ. ಹಬ್ಬಕ್ಕೆ ನೀನು ಬರಬೇಕು. ಬರುತ್ತೀಯೋ ಇಲ್ಲವೋ ಎನ್ನುವುದು ಈ ಕಾಗದದ ಕೊನೆ ಓದಿದ ಮೇಲೆ ನಿನಗೆ ಬಿಟ್ಟದ್ದು. ದೆಲ್ಫಿನಾ ನಿನಗೆ ಮುತ್ತು ಕಳಿಸಿದ್ದಾಳೆ, ಮಕ್ಕಳ ತಲೆ ಸವರಿದ್ದೇನೆಂದು ಹೇಳು. ದೇವರು ನಿನ್ನ ಮಂಡಿ ಸವೆಯದ ಹಾಗೆ ಕಾಯಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಣ್ಣ,
ಲೌರೆಂತಿನೊ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಸಮುದ್ರಕ್ಕೆ ಹೋಗುವ ಮಗನಿಗೇ ಗುರುತು ಅಂತ ಅಪ್ಪ ಹೇಳಿಯೇ ಇರಲಿಲ್ಲ. ಅವರು ತೀರಿಕೊಂಡ ದಿನ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಅವರು ಹೇಳಿದ್ದು ಇಷ್ಟು: "ಗುರುತು ಅಬೀಲಿಯೋದು. ಅವನು ಸಮುದ್ರಕ್ಕೆ ಬರದಿದ್ರೂ ಅವನದೇ." ನನ್ನ ಹೆಸರನ್ನು ಅವರು ಎತ್ತಲಿಲ್ಲ. ಹದಿನಾಲ್ಕು ವರ್ಷ ಅವರ ಜೊತೆ ದೋಣಿಗೆ ಹುಟ್ಟು ಹಾಕಿದವನು ನಾನು. ಹೊಟ್ಟೆ ಉರಿಯಿತು, ಫೋನಿನಲ್ಲಿ ನಿನಗೆ ಸುಳ್ಳು ಹೇಳಿದೆ. ನೀನು ಒಂದು ಪ್ರಶ್ನೆಯನ್ನೂ ಕೇಳದೆ "ಸರಿ ಅಣ್ಣ" ಅಂದೆ. ಇವತ್ತು ದಡದಲ್ಲಿ ಎಲ್ಲರ ಎದುರೂ ಈ ಸುಳ್ಳನ್ನು ಒಪ್ಪಿಕೊಂಡು, ನನ್ನ ದೋಣಿಯ ಗುರುತಿಗೆ ಒಂದು ಗೀಟು ಸೇರಿಸಿಕೊಂಡೆ. ಇದನ್ನೂ ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ನೀನು ಮತ್ತೆ "ಸರಿ ಅಣ್ಣ" ಅಂದುಬಿಡುತ್ತೀಯೆಂದು ಹೆದರಿ ಕಾಗದ ಬರೆದೆ.