ಕೊಲೆಸ್ಟ್ರಾಲಿಗೆ ಹೊದಿಸಿದ ಶಾಲು

ರೀ,

ನಿಮ್ಮ ತಮ್ಮ ಆಶಿಷನ ಕಡೆ ಕೊಲ್ಹಾಪುರದ ದವಾಖಾನಿಗೆ ಹೊಂಟೇನಿ. ಇವತ್ತ ಬರೂದಿಲ್ಲ. ಭಕ್ರಿ, ಹೆಸರಕಾಳ ಪಲ್ಯ ಮುಚ್ಚಿಟ್ಟೇನಿ, ಹೊತ್ತು ಮುಳುಗೂದ್ರಾಗ ಉಣ್ರಿ. ತುಪ್ಪದ ಡಬ್ಬಿ ಹುಡುಕಬ್ಯಾಡ್ರಿ, ಬಾಜೂ ಮನಿಯವರಿಗೆ ಕೊಟ್ಟೇನಿ.

ನಿನ್ನೆ ಡಾಕ್ಟರ್ ಮ್ಯಾಲ ಒದರಿದ್ರಿ, "ನನ್ನ ತಮ್ಮ ದಿನಾ ಕೊಲೆಸ್ಟ್ರಾಲ್ ಗುಳಿಗಿ ತಗೋತಾನ, ಅವಗ ಹಾರ್ಟ್ ಅಟ್ಯಾಕ್ ಹೆಂಗ ಬಂತು?" ಅಂತ. ತಗೋತಿದ್ದಿಲ್ಲರೀ. ನಿಮ್ಮ ಮಾತು ಕೇಳಿ ಬಿಟ್ಟಿದ್ದ.

ಕೊರೊನಾ ಬಂದಾಗ ನಿಮ್ಮ ರಿಪೋರ್ಟಿನ್ಯಾಗ ಕೊಲೆಸ್ಟ್ರಾಲ್ ಇಳಿದಿತ್ತು. "ಇದು ಜಡ್ಡಿಗೆ ಇಳಿದೈತಿ, ಆರಾಮ ಆದ ಮ್ಯಾಲ ಮತ್ತ ಏರತೈತಿ, ಗುಳಿಗಿ ಬಿಡಬ್ಯಾಡ್ರಿ" ಅಂತ ಡಾಕ್ಟರ್ ಅವತ್ತೇ ಹೇಳಿದ್ರು. ನೀವು ಕೇಳಿದ್ರೇನು? ಪರ್ಯೂಷಣದ ಉಪಾಸದಾಗ ಬಸದ್ಯಾಗ ನಿಂತು, "ಗುಳಿಗಿ ಬಿಟ್ಟೆ, ಉಪಾಸದಿಂದ ಇಳೀತು" ಅಂತ ಭಾಷಣಾ ಮಾಡಿ ಶಾಲು ಹೊದಿಸ್ಕೊಂಡ್ರಿ. ಮುಂದಿನ ಸಾಲಿನ್ಯಾಗ ಕುಂತು ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡದಾಂವ ಆಶಿಷ.

ಆ ಶಾಲು ಕಪಾಟಿನ್ಯಾಗಿಂದ ತಗೊಂಡೇನಿ. ಅವನ ಹೇಣ್ತಿ ನೂತನ ಐಸಿಯು ಹೊರಗ ಫರಸೀ ಮ್ಯಾಲ ಮಲಗಾಕತ್ತಾಳ, ಆಕಿಗೆ ಥಂಡಿ ಆಗತೈತಿ.

ನಾಳೆ ಬೆಳಿಗ್ಗೆ ಏನೂ ತಿನಲಾರದ ಲ್ಯಾಬಿಗೆ ಹೋಗಿ ರಕ್ತಾ ಕೊಡ್ರಿ. ಉಪಾಸ ನಿಮಗೇನು ಹೊಸಾದಲ್ಲ.

"ಗುಳಿಗಿ ಬಿಟ್ಟದ್ದು ಅಣ್ಣಗ ಹೇಳಬ್ಯಾಡ್ರಿ ವೈನಿ, ಭಾಳ ಮನಸಿಗೆ ಹಚ್ಕೊಂತಾನ" ಅಂತ ನಿನ್ನೆ ಆಶಿಷ ನನ್ನ ಕೈ ಹಿಡಿದು ಅತ್ತಾನ. ಬಾಯಿ ಬಿಡೂದಿಲ್ಲ ಅಂತ ಅವಗ ಮಾತು ಕೊಟ್ಟೇನಿ.

ಅದಕ್ಕ ಬರದಿಟ್ಟೇನಿ.

ಕಾಂಚನ